ಪುಸ್ತಕವಿಲ್ಲದವಳ ಸುತ್ತು ಓದು

ನನ್ನ ಹೆಂಡತಿ ತೀರಿಕೊಂಡ ಮೇಲೆ ಒಂದು ದಿನ ಅವಳ ಬೀರು ತೆಗೆದು ನೋಡಿದೆ. ಸೀರೆಗಳು, ಆಸ್ಪತ್ರೆಯ ಚೀಟಿಗಳು, ಬಳೆಯ ಡಬ್ಬ, ನಮ್ಮ ಮದುವೆಯ ಫೋಟೋ ಎಲ್ಲ ಇದ್ದವು. ಅವಳು ಬರೆದದ್ದು ಮಾತ್ರ ಒಂದು ಹಾಳೆಯೂ ಇರಲಿಲ್ಲ. ವರ್ಷಗಟ್ಟಲೆ ಬರೆದವಳ ಬೀರು ಹೀಗಿತ್ತು ಎಂದರೆ ಯಾರೂ ನಂಬುವುದಿಲ್ಲ. ಅವಳು ಬರೆದದ್ದೆಲ್ಲ ಕಂಪ್ಯೂಟರಿನಲ್ಲಿ. ಆ ಕಂಪ್ಯೂಟರೂ ನಮ್ಮದಲ್ಲ.

ನಾನು ಬರೆಯುವವನಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐ ಮಾಡಿ ನಂಜನಗೂಡಿನ ಹತ್ತಿರ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸೇರಿದವನು. ಅವಳ ವಿಷಯವನ್ನು ಬೇರೆ ಯಾರೂ ಬರೆಯುವುದಿಲ್ಲ ಎಂದು ಗೊತ್ತಾದ ಮೇಲೆ ಇದನ್ನು ಬರೆಯಲು ಕೂತಿದ್ದೇನೆ.

ನಾವು ಮದುವೆಯಾದಾಗ ತೊಂಬತ್ತರ ದಶಕ ಶುರುವಾಗಿತ್ತು. ಅವಳ ತವರು ಹದಿನಾರು ಎಂಬ ಊರು. ನಂಜನಗೂಡಿನ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹೇಳಿಕೊಡುತ್ತಿದ್ದಳು. ಆಗ ಪಿಯುಸಿ ಮುಗಿಸಿದ ಹುಡುಗಿಯರೆಲ್ಲ ಟೈಪಿಂಗಿನ ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟುತ್ತಿದ್ದರು. ಅಂಗಡಿ ಸಾಲಿನ ಮೇಲೆ ಒಂದೇ ಉದ್ದನೆಯ ಕೋಣೆ, ಅದರೊಳಗೆ ಎರಡು ಸಾಲು ಮಷೀನು. ಶಿಫ್ಟ್ ಮುಗಿಸಿ ಅವಳನ್ನು ಕರೆದುಕೊಂಡು ಬರಲು ಹೋದರೆ ಮೆಟ್ಟಿಲ ಕೆಳಗೇ ಆ ಸದ್ದು ಸಿಗುತ್ತಿತ್ತು. ನನಗೆ ಅದು ಒಂದೇ ಸದ್ದು. ಅವಳಿಗೆ ಹಾಗಲ್ಲ.

"ಕೇಳಿ, ಅದು ಮೂರ್ನೇ ಮಷೀನು. ನೆನ್ನೆ ಗಂಡಿನ ಕಡೆಯೋರು ಬಂದಿದ್ರು ಅಂತ ಕಾಣ್ತದೆ, ಬೆರಳು ಒಂದ್ ಕಡೆ ನಿಲ್ತಿಲ್ಲ."

"ಗಂಡಿನ ಕಡೆಯೋರು ಬಂದಿದ್ದೂ ಸದ್ದಲ್ಲೇ ಗೊತ್ತಾಯ್ತದಾ?"

"ನಿಮ್ಗೆ ಬೇರಿಂಗ್ ಓಗಿರದು ಸದ್ದಲ್ಲೇ ಗೊತ್ತಾಗಕ್ಕಿಲ್ವಾ? ಅಂಗೇ."

ಸುತ್ತಮುತ್ತಲಿನ ಬರಹಗಾರರು ಮೈಸೂರಿನ ಪ್ರೆಸ್ಸಿಗೆ ಕೊಡುವ ಮೊದಲು ತಮ್ಮ ಬರಹವನ್ನು ಟೈಪ್ ಮಾಡಿಸಲು ಅಲ್ಲಿಗೇ ತರುತ್ತಿದ್ದರು. ಹಾಗೆ ಅವಳಿಗೆ ಬಳಗದ ಪರಿಚಯವಾಯಿತು. ಬಳಗವೆಂದರೆ ನಂಜನಗೂಡು, ಟಿ. ನರಸೀಪುರ ಎರಡೂ ತಾಲ್ಲೂಕಿನ ಬರಹಗಾರರು ತಾವೇ ಕಟ್ಟಿಕೊಂಡ ಸಂಘ. ತಿಂಗಳಿಗೊಂದು ಭಾನುವಾರ ನರಸೀಪುರದ ಒಂದು ಶಾಲೆಯ ಕೋಣೆಯಲ್ಲಿ ಸೇರುತ್ತಿದ್ದರು. ಅಧ್ಯಕ್ಷರು ನಿವೃತ್ತ ಕನ್ನಡ ಮೇಷ್ಟ್ರು. ಮಿತವಾಗಿ ಮಾತಾಡುವವರು, ಅಂದದ್ದಕ್ಕೆ ಅಂಟಿಕೊಳ್ಳುವವರು. ಕಾರ್ಯದರ್ಶಿಯವರದು ಬಟ್ಟೆ ಅಂಗಡಿ. ಹಣೆ ತುಂಬ ವಿಭೂತಿ, ಬಾಯಿ ತುಂಬ ತಮಾಷೆ. ಅವರ ಮೊದಲ ಪುಸ್ತಕವನ್ನು ಟೈಪ್ ಮಾಡಿದ್ದು ನನ್ನ ಹೆಂಡತಿಯೇ.

ಬಳಗಕ್ಕೆ ಒಂದು ನಿಯಮವಿತ್ತು. ಅಚ್ಚಾದ ಪುಸ್ತಕ ಒಂದಾದರೂ ಇದ್ದರೆ ಬರಹಗಾರ ಸದಸ್ಯ, ಇಲ್ಲದಿದ್ದರೆ ಕೇಳುಗ ಸದಸ್ಯ. ಕೇಳುಗರಿಗೆ ಬೆಂಚಿತ್ತು, ಟೀ ಇತ್ತು, ತಮ್ಮದನ್ನು ಓದುವ ಅವಕಾಶ ಇರಲಿಲ್ಲ. ನನ್ನ ಹೆಂಡತಿ ಕೇಳುಗ ಸದಸ್ಯೆಯಾಗಿ ಸೇರಿದಳು, ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂರುತ್ತಿದ್ದಳು. ನನಗೆ ಒಳಗೆ ಕೂರುವುದು ಮುಜುಗರ. ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಶಾಲೆಯ ಜಗಲಿಯ ಮೇಲೆ ಕಿಟಕಿಗೆ ಒರಗಿ ಕೂರುತ್ತಿದ್ದೆ. ಎಷ್ಟೋ ಭಾನುವಾರ ಹಾಗೆ ಕಳೆದಿದ್ದೇನೆ. ಒಳಗಿನ ಮಾತು ಅರ್ಧ ಕೇಳುತ್ತಿತ್ತು. ಉಳಿದ ಅರ್ಧವನ್ನು ಬಸ್ಸಿನಲ್ಲಿ ಬರುವಾಗ ಅವಳು ಹೇಳುತ್ತಿದ್ದಳು.

ಬಳಗದಲ್ಲಿ ಇನ್ನೊಂದು ಪದ್ಧತಿ ಇತ್ತು, ಬೇರೆಲ್ಲೂ ನಾನು ಕಂಡಿಲ್ಲ. ಬರಹಗಾರ ಸದಸ್ಯರು ಯಾರಾದರೂ ತೀರಿಕೊಂಡರೆ ಅವರಿಗೆ ಸಂತಾಪದ ಭಾಷಣ ಮಾಡುತ್ತಿರಲಿಲ್ಲ. ಹಾರ ಹಾಕಿದ ಫೋಟೋವನ್ನೂ ಇಡುತ್ತಿರಲಿಲ್ಲ. ಎಲ್ಲರೂ ಸುತ್ತ ಕೂರುವುದು, ಸತ್ತವರ ಪುಸ್ತಕವನ್ನು ಕೈಯಿಂದ ಕೈಗೆ ಕೊಡುವುದು, ಕೊಟ್ಟವರ ಕೈಯಿಂದ ತೆಗೆದುಕೊಂಡು ಎಲ್ಲಿ ತೆರೆಯುತ್ತದೋ ಅಲ್ಲಿಂದ ನಾಲ್ಕು ಸಾಲು ಗಟ್ಟಿಯಾಗಿ ಓದಿ ಪಕ್ಕದವರಿಗೆ ಕೊಡುವುದು. ಸುತ್ತು ಮುಗಿಯುವವರೆಗೆ ಯಾರೂ ನಡುವೆ ಮಾತಾಡಬಾರದು. ಕೊನೆಗೆ ಪುಸ್ತಕ ಮನೆಯವರ ಕೈಗೆ ಬರುತ್ತದೆ. ಅವರೂ ಓದಿದರೆ ಮುಗಿಯಿತು, ಎದ್ದು ಹೋಗುತ್ತಾರೆ. ಅದಕ್ಕೆ ಸುತ್ತು ಓದು ಅನ್ನುತ್ತಿದ್ದರು. "ಸತ್ತೋರ ಬಗ್ಗೆ ನಾವು ಮಾತಾಡೋದು ಬೇಡ, ಅವರೇ ಮಾತಾಡ್ಲಿ" ಅನ್ನುವುದು ಮೇಷ್ಟ್ರ ಮಾತು.

ಅವಳು ನೋಡಿದ ಮೊದಲ ಸುತ್ತು ಓದು ಮುಡುಕುತೊರೆಯ ಒಬ್ಬ ರೈತರದ್ದು. ಅವರದ್ದು ಒಂದೇ ಪುಸ್ತಕ, ಕೈಯಲ್ಲಿ ಹಿಡಿದರೆ ಭಾರವೇ ಇಲ್ಲದ ಪದ್ಯಗಳ ಪುಸ್ತಕ. ಆ ದಿನ ನಾನು ಕಿಟಕಿಯಲ್ಲಿ ನೋಡುತ್ತಿದ್ದೆ. ಕೇಳುಗರಿಗೆ ಪುಸ್ತಕ ಹಿಡಿಯುವ ಸರದಿ ಇರಲಿಲ್ಲ. ಆದರೂ ಬಾಗಿಲ ಬೆಂಚಿನಲ್ಲಿ ಕೂತಿದ್ದ ನನ್ನ ಹೆಂಡತಿಯ ಕೈಗಳು ಮಡಿಲಲ್ಲಿ ಮೇಲ್ಮುಖವಾಗಿ ತೆರೆದುಕೊಂಡಿದ್ದವು, ಪುಸ್ತಕ ತನ್ನ ಹತ್ತಿರಕ್ಕೂ ಬರುತ್ತದೆ ಎನ್ನುವ ಹಾಗೆ. ಸತ್ತವರ ಹೆಂಡತಿಗೆ ಓದಲು ಬರುತ್ತಿರಲಿಲ್ಲ. ಪುಸ್ತಕ ಕೈಗೆ ಬಂದಾಗ ಅವರು ಅದನ್ನು ತೆರೆದು, ಗಂಡ ದನ ಹೊಡೆಯುವಾಗ ಹೇಳಿಕೊಳ್ಳುತ್ತಿದ್ದ ಎರಡು ಸಾಲನ್ನು ನೆನಪಿನಿಂದಲೇ ಹೇಳಿದರು.

ಬಸ್ಸು ಹದಿನಾರು ದಾಟಿದ ಮೇಲೆ ಅವಳು ಹೇಳಿದಳು: "ರೀ, ಮಾತಾಡಿ ಕಳ್ಸದ್ಕಿಂತ ಓದಿ ಕಳ್ಸದು ವಾಸಿ ಅಲ್ವಾ? ನನ್ನೂ ಅಂಗೇ ಕಳ್ಸಬೇಕು."

"ಮೊದ್ಲು ಬರಿ, ಆಮೇಲೆ ಸಾಯಿವಂತೆ" ಅಂದೆ. ನಕ್ಕಳು. ಆಗ ನಗುವಷ್ಟು ದೂರದ ಮಾತಾಗಿತ್ತು ಅದು.

ಎರಡು ಸಾವಿರದ ಇಸವಿ ಕಳೆಯುವಷ್ಟರಲ್ಲಿ ಇನ್‌ಸ್ಟಿಟ್ಯೂಟಿನ ಮಷೀನುಗಳಿಗೆ ರಿಬ್ಬನ್ ಕೂಡ ಸಿಗುವುದು ಕಷ್ಟವಾಯಿತು. ಹುಡುಗಿಯರು ಬರುವುದು ನಿಂತಿತು. ಮಾಲೀಕರು ಮಷೀನುಗಳನ್ನೆಲ್ಲ ಗುಜರಿಗೆ ಹಾಕಿ ಅದೇ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟರು. ಅರ್ಧ ಭಾಗ ಡಿಟಿಪಿ, ಇನ್ನರ್ಧ ಸೈಬರ್. ಮಷೀನು ಕಲಿಸುತ್ತಿದ್ದವಳು ಮದುವೆ ಪತ್ರಿಕೆ, ಗೃಹಪ್ರವೇಶದ ಪತ್ರಿಕೆ ಟೈಪ್ ಮಾಡುವವಳಾದಳು. ಕೆಲಸವಿಲ್ಲದ ಹೊತ್ತಿನಲ್ಲಿ ಅದೇ ಕಂಪ್ಯೂಟರಿನಲ್ಲಿ ಕನ್ನಡದ ಒಂದು ಅಂತರ್ಜಾಲ ಪತ್ರಿಕೆಯನ್ನು ಓದತೊಡಗಿದಳು. ಆಮೇಲೆ ಅದಕ್ಕೆ ಬರೆಯತೊಡಗಿದಳು.

ಅವಳು ಬರೆದದ್ದು ಆ ಕೋಣೆಯ ಹುಡುಗಿಯರ ಬಗ್ಗೆ. ತೊಂಬತ್ತರ ದಶಕದಲ್ಲಿ ಅಲ್ಲಿ ಕಲಿಯಲು ಬಂದವರು, ಒಂದೊಂದು ಕಂತಿಗೆ ಒಬ್ಬೊಬ್ಬರು. ಯಾರ ಹೆಸರೂ ಇರಲಿಲ್ಲ. ಮೂರನೇ ಮಷೀನಿನ ಹುಡುಗಿ, ಬಾಗಿಲ ಪಕ್ಕದ ಮಷೀನಿನ ಹುಡುಗಿ ಎಂದು ಅವರು ಕೂರುತ್ತಿದ್ದ ಜಾಗದಿಂದಲೇ ಅವರನ್ನು ಕರೆಯುತ್ತಿದ್ದಳು. ಒಬ್ಬಳು ಗಂಡನ ಮನೆಯವರು ಬೇಡವೆಂದರೆಂದು ಪರೀಕ್ಷೆಯ ದಿನವೇ ಬರಲಿಲ್ಲ. ಒಬ್ಬಳು ಕೋರ್ಟಿನಲ್ಲಿ ಕೆಲಸಕ್ಕೆ ಸೇರಿ, ತಾನು ಹುಟ್ಟಿದ ಬೀದಿಯವರ ಜಗಳಗಳನ್ನೇ ದಿನವೂ ಟೈಪ್ ಮಾಡಿದಳು. ರಜೆ ಇದ್ದಾಗ ನಾನು ಸೈಬರಿಗೆ ಹೋದರೆ ಪಕ್ಕದಲ್ಲಿ ಕೂರಿಸಿಕೊಂಡು ಓದಿ ಹೇಳುತ್ತಿದ್ದಳು. ಪರದೆಯ ಮೇಲೆ ನನಗೆ ಸರಿಯಾಗಿ ಓದಲು ಬರುತ್ತಿರಲಿಲ್ಲ, ಸಾಲು ತಪ್ಪುತ್ತಿತ್ತು. ಅವಳು ಓದುವುದನ್ನು ಕೇಳುವುದೇ ಚೆನ್ನಾಗಿತ್ತು.

ಇಷ್ಟು ಬರೆದ ಮೇಲೆ ಬಳಗದಲ್ಲಿ ತನ್ನನ್ನೂ ಬರಹಗಾರ ಸದಸ್ಯೆಯಾಗಿ ತೆಗೆದುಕೊಳ್ಳಿ ಎಂದು ಕೇಳಿದಳು. ಆ ಸಭೆಯನ್ನು ನಾನು ಕಿಟಕಿಯಿಂದ ಪೂರಾ ಕೇಳಿದೆ.

"ಎಲ್ಲಮ್ಮ ಪುಸ್ತಕ?" ಅಂದರು ಮೇಷ್ಟ್ರು.

"ನೆಟ್ಟಲ್ಲಿದೆ ಮೇಷ್ಟ್ರೆ. ಎಲ್ಲಿ ಬೇಕಾದ್ರೂ ತೆಗೆದು ಓದ್ಬೌದು."

ಕಾರ್ಯದರ್ಶಿಯವರಿಗೆ ಅಷ್ಟು ಸಾಕಾಯಿತು. "ಅಲ್ಲ ತಾಯಿ, ಕರೆಂಟ್ ಓಯ್ತು ಅಂದ್ರೆ ನಿನ್ ಕತೆನೂ ಓಯ್ತಲ್ಲ? ನಮ್ಮೂರ್ ಲೈನ್‌ಮನ್ನೇ ನಿಂಗೆ ಸಂಪಾದಕ ಅಂದಂಗಾಯ್ತು."

ಎಲ್ಲರೂ ನಕ್ಕರು. ಅವಳೂ ನಕ್ಕಳು. "ಅಣ್ಣ, ನಿಮ್ ಪುಸ್ತಕದ ಕಟ್ಟು ಅಟ್ಟದ ಮೇಲೈತಲ್ಲ, ಅದ್ಕೆ ಗೆದ್ಲು ಇಡಿದ್ರೆ ಅದೇ ಸಂಪಾದಕ ಅಂದ್ಕೊಳ್ಳದಾ?"

ಈ ಸಲ ಕಾರ್ಯದರ್ಶಿಯವರ ನಗುವೇ ಜೋರಾಗಿತ್ತು. "ಆಯ್ತು ಕಣವ್ವ, ಬುಡು, ಸೋತೆ."

ಮೇಷ್ಟ್ರು ನಗಲಿಲ್ಲ. "ತಮಾಷೆ ಇರ್ಲಿ. ಅಚ್ಚಾದದ್ದನ್ನ ಮತ್ತೆ ವಾಪಸ್ ತಗೊಳ್ಳೋಕೆ ಆಗಲ್ಲ. ತಪ್ಪು ಬರೆದಿದ್ರೆ ಸಾಯೋ ತನಕ ಅದು ನನ್ನ ತಲೆ ಮೇಲೆ. ಕಂಪ್ಯೂಟ್ರಲ್ಲಿ ಬರೆದದ್ದನ್ನ ಬೆಳಿಗ್ಗೆ ಎದ್ದು ಬದಲಾಯಿಸ್ಬೌದು, ತೆಗ್ದೂ ಹಾಕ್ಬೌದು. ಆ ಭಯ ಇಲ್ದೆ ಬರೆದದ್ದನ್ನ ಪುಸ್ತಕದ ಸಮಕ್ಕೆ ನಾನು ಹೆಂಗೆ ಇಡ್ಲಿ, ಹೇಳು?"

"ಅಲ್ಲಿ ಓದ್ದೋರು ಆವತ್ತೇ ಮಾತಾಡ್ತಾರೆ ಮೇಷ್ಟ್ರೆ. ಅದೂ ಭಯನೇ. ನಿಮ್ ಪುಸ್ತಕ ಓದಿ ಯಾರಾದ್ರೂ ನಿಮಗೇನಾದ್ರೂ ಅಂದವ್ರಾ?"

ಮೇಷ್ಟ್ರು ಕೋಪ ಮಾಡಿಕೊಳ್ಳಲಿಲ್ಲ. "ಮುಗಿದ ಮೇಲೆ ಅಚ್ಚು ಹಾಕ್ಸಮ್ಮ. ಮೊದಲ ಪ್ರತಿ ನಾನೇ ತಗೋತೀನಿ. ನಿಯಮ ನಿಯಮವೇ" ಅಂದರು.

ಅವಳಿಗೂ ಅದೇ ಮನಸ್ಸಿತ್ತು. ಎಲ್ಲ ಹುಡುಗಿಯರೂ ಮುಗಿದ ಮೇಲೆ ಒಂದೇ ಪುಸ್ತಕ ಮಾಡುವುದು. ಕೊನೆಯವಳು ಕಿಟಕಿ ಪಕ್ಕದ ಮಷೀನಿನ ಹುಡುಗಿ. ಅವಳ ಕತೆ ಒಂದು ಕಂತಿನಲ್ಲಿ ಮುಗಿಯುವುದಿಲ್ಲ, ಎರಡು ಬೇಕು ಅನ್ನುತ್ತಿದ್ದಳು. ಮೊದಲ ಭಾಗದಲ್ಲಿ ಆ ಹುಡುಗಿ ಒಂದು ದಿನ ಬೆರಳು ಮಷೀನಿನ ಮೇಲೆ ಇರುವಾಗಲೇ ಎದ್ದು, ಚಪ್ಪಲಿಯನ್ನೂ ಹಾಕಿಕೊಳ್ಳದೆ ಮೆಟ್ಟಿಲಿಳಿದು ಹೋಗುತ್ತಾಳೆ. ಅಲ್ಲಿಗೆ ನಿಲ್ಲಿಸಿ, ಮುಂದಿನ ಭಾಗ ಬರುತ್ತದೆ ಎಂದು ಬರೆದಿದ್ದಳು.

ಅಷ್ಟರಲ್ಲಿ ಅವಳ ಕಿಡ್ನಿ ಕೆಟ್ಟಿತು. ಮೊದಲು ಕಾಲು ಊದಿಕೊಂಡಿತು, ಕೂತು ಕೆಲಸ ಮಾಡುವವಳಿಗೆ ಇದೆಲ್ಲ ಇದ್ದದ್ದೇ ಅಂದುಕೊಂಡೆವು. ಆಮೇಲೆ ಮೈಸೂರಿಗೆ ಡಯಾಲಿಸಿಸ್‌ಗೆ ಓಡಾಟ ಶುರುವಾಯಿತು. ಒಮ್ಮೆ ಬಂದರೆ ಮರುದಿನವೆಲ್ಲ ಮಲಗಿರುತ್ತಿದ್ದಳು. ಎದ್ದ ದಿನ ಸೈಬರಿಗೆ ಕರೆದುಕೊಂಡು ಹೋಗಿ ಅನ್ನುತ್ತಿದ್ದಳು. ಆ ಮೆಟ್ಟಿಲು ಹತ್ತಲು ಆಗದೆ ಅರ್ಧಕ್ಕೇ ಕೂತು, "ಇವತ್ತು ಬ್ಯಾಡ, ನಾಳೀಕೆ ಬರಣ" ಅಂದು ತಿರುಗಿಬಿಡುತ್ತಿದ್ದಳು.

"ಬಾಯಲ್ಲಿ ಹೇಳು, ನಾನು ಬರ್ಕೋತೀನಿ" ಅಂದೆ ಒಂದು ಸಲ.

"ನಂಗೆ ಬಾಯಲ್ಲಿ ಬರಕ್ಕಿಲ್ಲ ಕಣ್ರೀ. ಬೆರಳಲ್ಲೇ ಬರಬೇಕು" ಅಂದಳು. ಎರಡೂ ಕೈ ಎತ್ತಿ ನೋಡಿಕೊಂಡಳು. ಸೂಜಿ ಚುಚ್ಚಿ ಚುಚ್ಚಿ ಎಡಗೈ ಪೂರಾ ಕಪ್ಪಾಗಿತ್ತು.

ಅವಳು ಹೋದದ್ದು ಒಂದು ಮಧ್ಯಾಹ್ನ, ಆಸ್ಪತ್ರೆಯಲ್ಲಿ. ಹದಿನಾರಿನಿಂದ ಅವಳ ಅಣ್ಣಂದಿರು ಬಂದರು. ಮನೆಯಲ್ಲಿ ಬುದ್ಧನ ಮುಂದೆ ಮೇಣದ ಬತ್ತಿ ಹಚ್ಚಿ ವಂದನೆ ಹೇಳಿದೆವು. ಎಲ್ಲ ಮುಗಿದು ನೆಂಟರು ಹೋದ ಮೇಲೆ ನನಗೆ ಒಂದೇ ಯೋಚನೆ ಉಳಿಯಿತು. ಅವಳು ಜೀವಮಾನದಲ್ಲಿ ನನ್ನನ್ನು ಕೇಳಿದ್ದು ಕಡಿಮೆ. ಬಸ್ಸಿನಲ್ಲಿ ಕೇಳಿದ್ದು ಒಂದಿತ್ತು.

ನರಸೀಪುರಕ್ಕೆ ಹೋಗಿ ಮೇಷ್ಟ್ರ ಮನೆಯ ಬಾಗಿಲಲ್ಲಿ ನಿಂತೆ. ಅವರು ನನ್ನ ಕೈ ಹಿಡಿದುಕೊಂಡು ಒಳಗೆ ಕರೆದರು. ಬಂದ ವಿಷಯ ಹೇಳಿದೆ.

"ಪುಸ್ತಕ ಇಲ್ದೆ ಹೆಂಗಪ್ಪ ಸುತ್ತು ಓದೋದು? ಕೈಗೆ ಏನು ಕೊಡೋದು?"

ಎದ್ದು ಬಂದೆ.

ಮುಂದಿನ ಸಭೆಯಲ್ಲಿ ಅವರೇ ವಿಷಯ ಎತ್ತಿದರಂತೆ. ಆ ದಿನ ನಾನು ಹೋಗಿರಲಿಲ್ಲ. ಯಾರ ಜೊತೆ ಹೋಗಲಿ? ಕಾರ್ಯದರ್ಶಿಯವರು ಸಂಜೆ ಮನೆಗೇ ಬಂದು ನಡೆದದ್ದನ್ನು ಹೇಳಿದರು. ಒಬ್ಬರು, ಇವತ್ತು ಇವರಿಗೆ ಮಾಡಿದರೆ ನಾಳೆ ಕೇಳುಗರೆಲ್ಲ ಕೇಳುತ್ತಾರೆ ಅಂದರಂತೆ. ಇನ್ನೊಬ್ಬರು, ನೆಟ್ಟಿನಲ್ಲಿ ಬರೆದದ್ದಕ್ಕೆ ನೆಟ್ಟಿನಲ್ಲೇ ಸಂತಾಪ ಮಾಡಿಕೊಳ್ಳಲಿ ಅಂದರಂತೆ.

"ನಂಗೆ ತಡೆಯಕ್ಕಾಗ್ನಿಲ್ಲ ಕಣಪ್ಪ" ಅಂದರು ಕಾರ್ಯದರ್ಶಿ. "ನನ್ ಪುಸ್ತಕದ ಒಂದೊಂದ್ ಅಕ್ಸರನೂ ಆಯಮ್ಮನ ಬೆರಳಲ್ಲಿ ಬಂದಿರದು. ನಾನ್ ಸತ್ರೆ ನೀವೆಲ್ಲ ಓದದು ಆಯಮ್ಮ ಟೈಪ್ ಒಡೆದಿರದ್ನೇ ಅಂದೆ. ಅದ್ಕೆ ಮೇಷ್ಟ್ರು ಒಂದ್ ದಾರಿ ಏಳವ್ರೆ. ನೆಟ್ಟಲ್ಲಿರದ್ನೆಲ್ಲ ಕಾಗದಕ್ಕೆ ತೆಗ್ಸಿ ಪುಸ್ತಕದಂಗೆ ಒಲಿಸ್ಬುಡು. ಕೈಲಿ ಇಡಿಯಂಗಿದ್ರೆ ಪುಸ್ತಕ ಅಂತ್ಲೇ ಲೆಕ್ಕ."

ಅದೇ ಸೈಬರಿಗೆ ಹೋದೆ. ಅವಳ ಕುರ್ಚಿಯಲ್ಲಿ ಬೇರೆಯವರು ಕೂತಿದ್ದರು. ಮಾಲೀಕರಿಗೆ ಹೇಳಿದೆ, ಅವಳದ್ದು ಎಲ್ಲ ಬೇಕು, ಒಂದಕ್ಷರ ಬಿಡಬಾರದು. ಅವರು ಒಂದೊಂದೇ ಪುಟ ತೆರೆದು ಮೇಲಿನಿಂದ ಕೆಳಗಿನ ತನಕ ಪ್ರಿಂಟ್ ತೆಗೆದರು. ಕಟ್ಟು ದಪ್ಪವಾಗಿಯೇ ಬಂತು. ಇಷ್ಟೊಂದು ಬರೆದಿದ್ದಾಳಾ ಅನ್ನಿಸಿತು. ಬಿಡಿಸಿ ನೋಡುವ ಧೈರ್ಯ ಬರಲಿಲ್ಲ. ಹಾಗೇ ಜೆರಾಕ್ಸ್ ಅಂಗಡಿಗೆ ಕೊಟ್ಟು ಸ್ಪೈರಲ್ ಬೈಂಡಿಂಗ್ ಮಾಡಿಸಿದೆ. ಮೇಲೆ ನೀಲಿ ರಟ್ಟು ಹಾಕಿಸಿದೆ.

ಆ ಭಾನುವಾರ ಮೊದಲ ಸಲ ನಾನು ಕೋಣೆಯ ಒಳಗೆ ಕೂತೆ. ಬೆಂಚುಗಳನ್ನು ಸುತ್ತ ಸರಿಸಿದ್ದರು. ಮೇಷ್ಟ್ರು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು ತೆರೆದರು. ಅವರಿಗೆ ಬಂದದ್ದು ಕೋರ್ಟಿನ ಹುಡುಗಿಯ ಭಾಗ. ಮೇಷ್ಟ್ರ ದನಿಯಲ್ಲಿ ಅವಳ ಸಾಲುಗಳು ಕೇಳಿದಾಗ ನನಗೆ ಗುರುತೇ ಸಿಗಲಿಲ್ಲ, ಅಷ್ಟು ಗಂಭೀರವಾಗಿದ್ದವು. ಆಮೇಲೆ ನಿಧಾನವಾಗಿ ಅವಳೇ ಕಂಡಳು. ಮೇಷ್ಟ್ರ ಪಕ್ಕದವರು ಓದಿದರು, ಅವರ ಪಕ್ಕದವರೂ ಓದಿದರು. ನಾನು ತಲೆ ತಗ್ಗಿಸಿ ಕೇಳುತ್ತಿದ್ದೆ.

ಆಮೇಲೆ ಒಬ್ಬ ಹಿರಿಯರು ಹಾಳೆ ತಿರುಗಿಸಿ, ಕನ್ನಡಕ ಸರಿಮಾಡಿಕೊಂಡು ಓದಿದರು: "ನಮ್ಮೂರಲ್ಲೂ ಇಂಥದೇ ಇನ್‌ಸ್ಟಿಟ್ಯೂಟ್ ಇತ್ತು. ನಾನು ಏಳನೇ ಮಷೀನಿನವಳು. ಈಗ ಹುಬ್ಬಳ್ಳಿಯಲ್ಲಿದ್ದೇನೆ. ಕೆಲಸ ಸಿಗಲಿಲ್ಲ. ಆದರೂ ರೊಟ್ಟಿ ಹಿಟ್ಟು ನಾದುವಾಗ ಬೆರಳು ಅದರ ಪಾಡಿಗೆ ಅಕ್ಷರ ಹುಡುಕುತ್ತದೆ."

ಕೋಣೆಯಲ್ಲಿ ಉಸಿರು ಬಿಟ್ಟ ಸದ್ದು ಕೇಳಿತು. ಮೇಷ್ಟ್ರು ಕಣ್ಣು ಮುಚ್ಚಿ ತಲೆದೂಗಿದರು. ನಾನು ತಲೆ ಎತ್ತಿದೆ. ಇದು ಅವಳದ್ದಲ್ಲ. ಅವಳು ಹುಬ್ಬಳ್ಳಿಯನ್ನು ನೋಡಿದವಳೇ ಅಲ್ಲ. ಅವಳು ಹೇಳುತ್ತಿದ್ದದ್ದು ಆಗ ನೆನಪಾಯಿತು, ಓದಿದವರು ಕೆಳಗೆ ಬರೆಯುತ್ತಾರೆ ಎಂದು. ಒಂದಕ್ಷರ ಬಿಡಬೇಡಿ ಅಂದಿದ್ದೆನಲ್ಲ, ಮಾಲೀಕರು ಓದುಗರು ಬರೆದದ್ದನ್ನೂ ಬಿಡದೆ ಪ್ರಿಂಟ್ ತೆಗೆದುಕೊಟ್ಟಿದ್ದರು. ಪರದೆಯ ಮೇಲೆ ಅದು ಬೇರೆ ಬಣ್ಣದಲ್ಲಿ ಇರುತ್ತದೆ. ಕಾಗದದಲ್ಲಿ ಎಲ್ಲ ಒಂದೇ ಕಪ್ಪು. ಬರೆದವರ ಹೆಸರು, ತಾರೀಖು ಮಾತ್ರ ಇರುವೆಯಷ್ಟು ಸಣ್ಣದಾಗಿ ಮೇಲಿದ್ದವು. ಪುಟದ ಸಂಖ್ಯೆಯನ್ನು ಬಿಟ್ಟು ಓದುವ ಹಾಗೆ ಅವರು ಅದನ್ನು ಬಿಟ್ಟು ಓದುತ್ತಿದ್ದರು. ಆ ಕೋಣೆಯಲ್ಲಿ ಇದ್ದವರು ಯಾರೂ ಅಂತರ್ಜಾಲದ ಒಂದು ಪುಟವನ್ನೂ ನೋಡಿದವರಲ್ಲ. ಪುಸ್ತಕ ಅಂದ ಮೇಲೆ ಮೊದಲಿಂದ ಕೊನೆಯ ತನಕ ಬರೆದವರು ಒಬ್ಬರೇ ಎಂಬುದು ಅವರ ಲೆಕ್ಕ.

ನಡುವೆ ಮಾತಾಡುವಂತಿರಲಿಲ್ಲ. ಪುಸ್ತಕ ಕೈಯಿಂದ ಕೈಗೆ ಹೋಗುತ್ತಲೇ ಇತ್ತು. ಒಬ್ಬರು ಅವಳನ್ನು ಓದಿದರು. ಪಕ್ಕದವರು ಮಸ್ಕತ್ತಿನಲ್ಲಿ ಡ್ರೈವರ್ ಆಗಿರುವ ಒಬ್ಬರನ್ನು ಓದಿದರು. ಅವರು ತಮ್ಮ ಅಕ್ಕನೂ ಹೀಗೆ ಟೈಪಿಂಗ್ ಕಲಿತವಳೆಂದು ಬರೆದಿದ್ದರು. ಕಾರ್ಯದರ್ಶಿಯವರಿಗೆ ಬಂದದ್ದು ಯಾರದೋ ಒಂದೇ ಸಾಲು: "ಮೇಡಂ, ನಿಮ್ಮ ಬರಹ ಓದಿದ ದಿನ ನಾನು ಅಮ್ಮನಿಗೆ ಫೋನ್ ಮಾಡುತ್ತೇನೆ." ಅದನ್ನು ಓದಿ ಅವರು ಮುಂದೆ ಓದದೆ ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡರು.

ಕೊನೆಗೆ ನನ್ನ ಕೈಗೆ ಬಂತು. ಎಲ್ಲಿ ತೆರೆಯುತ್ತದೋ ಅಲ್ಲಿ ಓದಬೇಕು. ತೆರೆದದ್ದು ಹಿಂದಿನ ರಟ್ಟಿನ ಹತ್ತಿರ.

"ಮೇಡಂ, ದಿನವೂ ಬಂದು ನೋಡುತ್ತಿದ್ದೇನೆ. ಮುಂದಿನ ಭಾಗ ಯಾವಾಗ?" ಅದರ ಕೆಳಗೆ ಇನ್ನೊಬ್ಬರು: "ಇಷ್ಟು ಕಾಯಿಸಬೇಡಿ. ಕಿಟಕಿ ಪಕ್ಕದ ಹುಡುಗಿ ಏನಾದಳು?" ಮತ್ತೂ ಒಬ್ಬರು: "ಅಕ್ಕಾ, ಚೆನ್ನಾಗಿದ್ದೀರಾ?"

ಸಣ್ಣ ಅಕ್ಷರದ ತಾರೀಖು ನೋಡಿದೆ. ಅವಳನ್ನು ಮಣ್ಣು ಮಾಡಿ ಬಂದ ಮೇಲಿನದ್ದು. ಮೂರನ್ನೂ ಓದಿದೆ. ದನಿ ಎಲ್ಲಿಂದ ಬಂತೋ ಗೊತ್ತಿಲ್ಲ. ಪುಸ್ತಕ ಮುಚ್ಚಿದೆ.

ಪದ್ಧತಿಯಂತೆ ಎದ್ದು ಹೋಗಬೇಕಿತ್ತು. ಯಾರೂ ಏಳಲಿಲ್ಲ.

"ಆ ಹುಡುಗಿ ಏನಾದ್ಲಪ್ಪ?" ಅಂದರು ಮೇಷ್ಟ್ರು.

"ಗೊತ್ತಿಲ್ಲ ಸಾ. ಅವಳು ಬರೀನಿಲ್ಲ. ಇದು ಅವಳ ಬರಹ ಅಲ್ಲ ಸಾ, ಓದೋರು ಕೇಳಿರೋದು." ನಡೆದದ್ದನ್ನು ಬಿಡಿಸಿ ಹೇಳಿದೆ.

"ಅಂದ್ರೆ ನಾವು ಓದಿದ್ರಲ್ಲಿ ಅರ್ಧ ಬ್ಯಾರೇರ್ ಮಾತಾ?" ಅಂದರು ಕಾರ್ಯದರ್ಶಿ. ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ಹುಬ್ಬಳ್ಳಿಯ ಹೆಂಗಸನ್ನು ಓದಿದ ಹಿರಿಯರ ಮುಖ ಬಿಗಿದಿತ್ತು. ಸುತ್ತು ಓದು ಕೆಟ್ಟಿತು, ಸರಿಯಾಗಿ ನೋಡಿ ತರಬಾರದಿತ್ತೇ ಅಂದರು. ಇನ್ನೊಬ್ಬರು, ಇದಕ್ಕೇ ನಿಯಮ ಇರುವುದು ಅಂದರು. ಅವಳಿಗಾಗಿ ಕೇಳಿದ್ದು ಇದೊಂದು, ಅದೂ ಹೀಗಾಯಿತು.

ಮೇಷ್ಟ್ರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ನನ್ನ ಕಡೆ ತಿರುಗಿದರು.

"ಇವರಿಗೆಲ್ಲ ಗೊತ್ತಾ, ಆಕೆ ಹೋದದ್ದು?"

"ಇಲ್ಲ ಸಾ."

"ಹೇಳ್ಬೇಕಲ್ವೇನಪ್ಪ. ದಿನಾ ಬಂದು ನೋಡ್ತಿದ್ದೀನಿ ಅಂದವ್ರಲ್ಲ ಪಾಪ."

ಮರುದಿನ ಅವರೇ ಬಸ್ಸು ಹತ್ತಿ ನಂಜನಗೂಡಿಗೆ ಬಂದರು. ಆ ಮೆಟ್ಟಿಲನ್ನು ನಾವಿಬ್ಬರೂ ನಿಧಾನವಾಗಿ ಹತ್ತಿದೆವು. ಅವರ ವಯಸ್ಸಿಗೆ ಅದು ಕಷ್ಟವಿತ್ತು. ಸೈಬರಿನ ಮಾಲೀಕರು ಆ ಪುಟ ತೆರೆದು, ಕೆಳಗೆ ಖಾಲಿ ಜಾಗ ತೋರಿಸಿ, "ಇಲ್ಲಿ ಬರೀರಿ. ನಾನೇ ಟೈಪ್ ಒಡೆದುಕೊಡ್ಲಾ?" ಅಂದರು. ಬೇಡ ಅಂದೆ. ಒಂದೇ ಬೆರಳಲ್ಲಿ ಅಕ್ಷರ ಹುಡುಕುತ್ತಾ ಕೂತೆ. ಮೇಷ್ಟ್ರು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು, ಪರದೆಯ ಮೇಲಿದ್ದ ಬೇರೆಯವರ ಮಾತುಗಳನ್ನು ತುಟಿ ಅಲ್ಲಾಡಿಸುತ್ತಾ ಓದುತ್ತಿದ್ದರು.

"ನನ್ನ ನಾಲ್ಕು ಪುಸ್ತಕಕ್ಕೂ ಸೇರಿಸಿ ಇಷ್ಟು ಜನ ಮಾತಾಡಿಲ್ಲ" ಅಂದರು. ನನಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ ತಿಳಿಯಲಿಲ್ಲ.

ನಾನು ಬರೆದದ್ದು ಇಷ್ಟು: ಇದನ್ನು ಬರೆಯುತ್ತಿದ್ದವರು ಕಾಯಿಲೆಯಿಂದ ತೀರಿಕೊಂಡರು. ನಾನು ಅವರ ಯಜಮಾನ. ಕಿಟಕಿ ಪಕ್ಕದ ಹುಡುಗಿಯ ವಿಷಯ ನನಗೆ ತಿಳಿದಿಲ್ಲ. ನಿಮ್ಮೆಲ್ಲರ ಮಾತು ಅವರಿಗೆ ಸಂತೋಷ ಕೊಡುತ್ತಿತ್ತು.

ಮೇಷ್ಟ್ರು ಓದಿದರು. ತಿದ್ದುತ್ತಾರೆ ಅಂದುಕೊಂಡೆ, ತಿದ್ದಲಿಲ್ಲ. "ಕಳ್ಸು" ಅಂದರು.

ಕಳಿಸಲು ಒಂದು ಕಡೆ ಒತ್ತಬೇಕು. ಬೆರಳಿಟ್ಟುಕೊಂಡು ಸುಮ್ಮನೆ ಕೂತೆ. ಅಕ್ಕಾ ಚೆನ್ನಾಗಿದ್ದೀರಾ ಎಂದು ಕೇಳಿದವರಿಗೆ ಅವಳು ಎಲ್ಲೋ ಕೆಲಸದಲ್ಲಿ ಮುಳುಗಿದ್ದಾಳೆ, ಇವತ್ತೋ ನಾಳೆಯೋ ಬರೆಯುತ್ತಾಳೆ. ನನ್ನ ಮನೆಯಲ್ಲಿ ಇಲ್ಲದವಳು ಅವರ ಲೆಕ್ಕದಲ್ಲಿ ಇನ್ನೂ ಇದ್ದಳು. ಮೇಷ್ಟ್ರು ನನ್ನನ್ನು ಅವಸರ ಮಾಡಲಿಲ್ಲ. ಮಾಲೀಕರು ಒಮ್ಮೆ ಇಣುಕಿ ನೋಡಿ ಹೋದರು. ಆಮೇಲೆ ಒತ್ತಿದೆ.

ಮುಂದಿನ ವಾರದ ರಜೆಯಲ್ಲಿ ಒಬ್ಬನೇ ಹೋಗಿ ನೋಡಿದೆ. ನನ್ನ ಮಾತಿನ ಕೆಳಗೆ ಉತ್ತರಗಳು ಉದ್ದಕ್ಕೆ ಬಂದಿದ್ದವು. ಆತ್ಮಕ್ಕೆ ಶಾಂತಿ ಸಿಗಲಿ. ತುಂಬಲಾರದ ನಷ್ಟ. ದೇವರು ನಿಮಗೆ ಶಕ್ತಿ ಕೊಡಲಿ. ಎಲ್ಲರೂ ಒಂದೇ ಮಾತನ್ನು ಬೇರೆ ಬೇರೆ ಹೆಸರಿನಲ್ಲಿ ಬರೆದಿದ್ದರು. ಹುಬ್ಬಳ್ಳಿಯವರೂ ಬರೆದಿದ್ದರು. ಸಾಲು ತಪ್ಪದ ಹಾಗೆ ಪರದೆಗೆ ಬೆರಳಿಟ್ಟು ಒಂದೊಂದನ್ನೇ ಓದಿದೆ.

ಆಮೇಲೂ ಹೋಗುತ್ತಿದ್ದೆ. ತಿಂಗಳು ಕಳೆದ ಹಾಗೆ ಅದೂ ನಿಂತಿತು. ಹೊಸದಾಗಿ ಯಾರೂ ಏನೂ ಬರೆಯಲಿಲ್ಲ. ಮುಂದಿನ ಭಾಗ ಯಾವಾಗ ಎಂದು ಕೇಳುವವರೂ ಇಲ್ಲವಾದರು. ಮಾಲೀಕರು ನನ್ನನ್ನು ಕಂಡ ಕೂಡಲೇ ಕೇಳದೆಯೇ ಆ ಪುಟ ತೆರೆದುಕೊಡುತ್ತಿದ್ದರು. ಒಂದು ದಿನ ಅದು ತೆರೆಯಲೇ ಇಲ್ಲ. ಪತ್ರಿಕೆ ನಡೆಸುತ್ತಿದ್ದವರು ನಿಲ್ಲಿಸಿರಬೇಕು ಅಂದರು. ಸ್ವಲ್ಪ ಹೊತ್ತು ಆ ಬಿಳಿ ಪರದೆಯ ಮುಂದೆ ಕೂತಿದ್ದು, ಶಿಫ್ಟಿಗೆ ಹೊತ್ತಾಯಿತೆಂದು ಎದ್ದು ಬಂದೆ.